ಕುತ್ತಿಗೆಯಿಂದ ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸದೆ ಬಿಡಬೇಡಿ

ಗಂಗಾವತಿ ಕಡೆಯ ಮಹಿಳೆಯೊಬ್ಬರಿಗೆ ಗಂಟಲಮಣಿಯ ಮೇಲೆ, ಸರಿಯಾಗಿ ನಡುವೆ, ನಿಂಬೆಕಾಯಿಯಷ್ಟು ಗಂಟಿತ್ತು. ಮೊದಲು ಸುಣ್ಣ-ಬೆಲ್ಲ ಹಚ್ಚಿದರು. ಕೀವಾದಾಗ ಒಂದು ಕಡೆ ಕೊಯ್ದು ಹಿಂಡಿ ಕಳಿಸಿದರು. ಸೋರುವ ತೂತು ಉಳಿಯಿತು. ಇನ್ನೊಂದು ಕಡೆ ಗಂಟಷ್ಟನ್ನೇ ಕಿತ್ತರು, ಬಯಾಪ್ಸಿ (ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಮಾಡಿಸಲಿಲ್ಲ. ಗಂಟು ಮತ್ತೆ ಬಂತು. ಈ ಸಲದ ವರದಿಯಲ್ಲಿ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್. ಮೊದಲ ಗಂಟಿನಲ್ಲೇ ಅದಿತ್ತೇ ಎಂದು ನೋಡಲು ಈಗ ಏನೂ ಉಳಿದಿಲ್ಲ.

ಕುತ್ತಿಗೆಯ ನಡುವೆ ಇಂಥ ಗಂಟು ಬರುವುದು ಹೀಗೆ: ಗರ್ಭದಲ್ಲಿ ಥೈರಾಯ್ಡ್ ಗ್ರಂಥಿ ನಾಲಿಗೆಯ ಬುಡದಿಂದ ಕೆಳಗಿಳಿಯುತ್ತದೆ. ಆ ದಾರಿ, ಅಂದರೆ ನಾಳ, ಮುಚ್ಚದೆ ಉಳಿದರೆ ಥೈರೋಗ್ಲಾಸಲ್ ಸಿಸ್ಟ್ ಎಂಬ ನೀರುಗಂಟು ಆಗುತ್ತದೆ. ನುಂಗಿದಾಗ, ನಾಲಿಗೆ ಚಾಚಿದಾಗ ಗಂಟು ಮೇಲೇರುವುದು ಅದರ ಗುರುತು. ಕ್ಯಾನ್ಸರ್ ಕಾಣುವುದು ನೂರಕ್ಕೆ ಒಂದರಲ್ಲಿ ಅಷ್ಟೇ, ಗಾಬರಿ ಬೇಡ. ಆದರೆ ಆ ಒಂದು ಹೊರಗಿನಿಂದ ಉಳಿದ ತೊಂಬತ್ತೊಂಬತ್ತರಂತೆಯೇ ಇರುತ್ತದೆ. ಸೂಜಿಯಲ್ಲಿ ಬರೀ ನೀರು ಎಳೆದರೆ ಎಫ್‌ಎನ್‌ಎಸಿ (ಸೂಜಿ ಪರೀಕ್ಷೆ) ವರದಿ ಸುಳ್ಳು ಧೈರ್ಯ ಕೊಡುತ್ತದೆ. ಸ್ಕ್ಯಾನಿಂಗ್‌ನಲ್ಲಿ ಒಳಗೆ ಗಟ್ಟಿ ಭಾಗವೋ ಸಣ್ಣ ಸುಣ್ಣದ ಚುಕ್ಕೆಗಳೋ ಕಂಡರೆ ಸೂಜಿಯ ಮಾದರಿಯನ್ನು ಅಲ್ಲಿಂದಲೇ ತೆಗೆಯಬೇಕು.

ಆಪರೇಷನ್‌ಗೆ ಮುಂಚೆ ಕುತ್ತಿಗೆಯ ಅಲ್ಟ್ರಾಸೌಂಡ್ ಆಗಲೇಬೇಕು. ಕೆಲವರಿಗೆ ಮೈಯಲ್ಲಿರುವ ಒಂದೇ ಒಂದು ಥೈರಾಯ್ಡ್ ಆ ಗಂಟೇ. ಕಿತ್ತರೆ ಜೀವನವಿಡೀ ಮಾತ್ರೆ. ಸರಿಯಾದ ಆಪರೇಷನ್ 1920ರಿಂದ ಬಳಕೆಯಲ್ಲಿರುವ ಸಿಸ್ಟ್ರಂಕ್: ಗಂಟು, ಗಂಟಲಮಣಿಯ ಮೇಲಿರುವ ಹೈಯಾಯ್ಡ್ ಎಲುಬಿನ ನಡುಭಾಗ, ನಾಲಿಗೆ ಬುಡದವರೆಗಿನ ನಾಳ, ಮೂರೂ ಒಟ್ಟಿಗೆ. ಎಲುಬು ಬಿಟ್ಟರೆ ನಾಳದ ಕವಲುಗಳು ಉಳಿದು ಗಂಟು ಮರಳುತ್ತದೆ. "ಎಲುಬಿನ ತುಂಡೂ ತೆಗೀತೀರೇನ್ರಿ ಡಾಕ್ಟ್ರೇ?" ಎಂದು ಮೊದಲೇ ಕೇಳಿ.

ಕುತ್ತಿಗೆಯ ಪಕ್ಕದಲ್ಲಿ ಬರುವ ಗಂಟಿನ ಕಥೆ ಬೇರೆ. ನಲವತ್ತು ದಾಟಿದವರಿಗೆ, ಅದರಲ್ಲೂ ಗುಟ್ಕಾ, ಬೀಡಿ ಚಟವಿದ್ದವರಿಗೆ, ದವಡೆಯ ಕೆಳಗೆ ಹೊಸದಾಗಿ ನೀರುಗಂಟು ಬಂದರೆ ಹುಟ್ಟಿನಿಂದ ಬಂದದ್ದೆಂದು ನಂಬಬೇಡಿ. ಟಾನ್ಸಿಲ್, ನಾಲಿಗೆ ಬುಡ ಅಥವಾ ಥೈರಾಯ್ಡ್‌ನ ಕ್ಯಾನ್ಸರ್ ಹರಡಿದ ಗ್ರಂಥಿ ಹೀಗೇ ನೀರು ತುಂಬಿಕೊಳ್ಳುತ್ತದೆ. ಕೊಯ್ಯುವ ಮೊದಲು ಇಎನ್‌ಟಿ ವೈದ್ಯರು ಎಂಡೋಸ್ಕೋಪ್ ಹಾಕಿ ಗಂಟಲು ನೋಡಲಿ. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರು ರಿಮ್ಸ್‌ನಂಥ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುವುದು ಲೇಸು.

ತೆಗೆದ ತುಂಡನ್ನು ಎಷ್ಟೋ ಸಲ ಮನೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುತ್ತಾರೆ. ಅಗಲ ಬಾಯಿಯ ಡಬ್ಬಿ, ಶೇ. 10ರ ಫಾರ್ಮಲಿನ್, ತುಂಡಿನ ಹತ್ತು ಪಟ್ಟು. ಸಲೈನ್‌ನಲ್ಲಿಟ್ಟರೆ ನಮ್ಮ ರಾಯಚೂರಿನ ಬಿಸಿಲಿಗೆ ಕೊಳೆತು ಏನೂ ಓದಲಾಗದು. ವರದಿಯಲ್ಲಿ ಕ್ಯಾನ್ಸರ್ ಬಂದರೆ ಸ್ಲೈಡ್, ಬ್ಲಾಕ್ (ತುಂಡನ್ನು ಹುದುಗಿಸಿಟ್ಟ ಮೇಣದ ಅಚ್ಚು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ. ಥೈರಾಯ್ಡನ್ನೂ ತೆಗೆಯಬೇಕೇ ಎಂದು ತೀರ್ಮಾನಿಸುವ ಕ್ಯಾನ್ಸರ್ ಆಸ್ಪತ್ರೆಯವರು ಮೊದಲು ಕೇಳುವುದು ಅವನ್ನೇ.