ಒಂದು ದಿನ ಕಾಯಿಸಿ ಕಲಿಸಿದ ಪಾಠಮಾಲೆ

ಕಲಿಕೆ ಮತ್ತು ಅನುಬಂಧನದ (ಕಂಡಿಷನಿಂಗ್, ಅಂದರೆ ಒಂದು ಸೂಚನೆಗೆ ಅಥವಾ ಫಲಕ್ಕೆ ತಕ್ಕಂತೆ ವರ್ತನೆ ರೂಪುಗೊಳ್ಳುವುದು) ಕುರಿತಾದ ಆರು ವಾರಗಳ ಆನ್‌ಲೈನ್ ಪಾಠಮಾಲೆಯೊಂದನ್ನು ಇತ್ತೀಚೆಗೆ ಮುಗಿಸಿದೆ. ಮನೋವಿಜ್ಞಾನವನ್ನು ಮೊದಲ ಸಲ ಓದುವವರಿಗೆಂದೇ ರೂಪಿಸಿದ ಈ ಪಾಠಮಾಲೆಗೆ ಮೂರನೆಯ ವಾರದ ಒಂದು ಅಭ್ಯಾಸಕ್ಕಾಗಿಯಾದರೂ ಸೇರಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ನಾಲ್ಕನೆಯ ವಾರದ ಪ್ರಶ್ನೋತ್ತರವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಮೊದಲೆರಡು ವಾರಗಳು ಶಾಸ್ತ್ರೀಯ ಅನುಬಂಧನಕ್ಕೆ, ಅಂದರೆ ಆಹಾರದಂಥದ್ದರ ಮುನ್ಸೂಚನೆಗೇ ಪ್ರತಿಕ್ರಿಯಿಸಲು ಕಲಿಯುವುದಕ್ಕೆ, ಮೀಸಲು. ನಾಯಿಗಳ ಮೇಲೆ ಇದರ ಪ್ರಯೋಗ ಮಾಡಿದ ರಷ್ಯದ ವಿಜ್ಞಾನಿ ಪಾವ್ಲೋವ್ ಎಂದೊಡನೆ ಎಲ್ಲರೂ ಗಂಟೆಯ ಚಿತ್ರವನ್ನೇ ಮುಂದಿಡುತ್ತಾರೆ. ಇಲ್ಲಿ ಪಾವ್ಲೋವ್ ಹೆಚ್ಚಾಗಿ ಬಳಸುತ್ತಿದ್ದ, ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮ್ ಅನ್ನೇ ತೋರಿಸಿದ್ದಾರೆ. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಡೆದ ಆ ವಿಜ್ಞಾನಿಗೆ ಆಹಾರ ಬಾಯಿಗೆ ಬೀಳುವ ಮೊದಲೇ ನಾಯಿ ಜೊಲ್ಲು ಸುರಿಸುವುದು ಏಕೆ ಮುಖ್ಯವೆನಿಸಿತು ಎಂಬುದನ್ನು ಅವಸರವಿಲ್ಲದೆ ವಿವರಿಸಿದ್ದರಿಂದ, ಅನುಬಂಧಿತ ಪ್ರಚೋದನೆ (ಇಲ್ಲಿ ಸದ್ದು), ಅನುಬಂಧಿತ ಪ್ರತಿಕ್ರಿಯೆ (ಸದ್ದಿಗೆ ಬರುವ ಜೊಲ್ಲು) ಎಂಬ ಪದಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಮೂರನೆಯ ವಾರದ ಅಭ್ಯಾಸವನ್ನು ಮಾತ್ರ ನಾನು ಮರೆಯಲಾರೆ. ಪರದೆಯ ಮೇಲೆ ಒಂದು ನಾಯಿ, ಪಕ್ಕದಲ್ಲಿ ಮೆಟ್ರೊನೋಮ್, ಕೆಳಗೆ ಜೊಲ್ಲಿನ ಹನಿಗಳ ಲೆಕ್ಕ. ಮೊದಲು ಸದ್ದಿನ ಬೆನ್ನಿಗೇ ಆಹಾರ ಕೊಡುತ್ತಾ ಹೋಗಬೇಕು. ಆಮೇಲೆ ಆಹಾರವನ್ನು ನಿಲ್ಲಿಸಿ ಸದ್ದನ್ನಷ್ಟೇ ಕೇಳಿಸಬೇಕು. ಹದಿನಾಲ್ಕು ಹನಿ, ಒಂಬತ್ತು, ನಾಲ್ಕು, ಕೊನೆಗೆ ಸೊನ್ನೆ. ಅಲ್ಲಿಗೆ ಪಾಠ ಮುಚ್ಚಿಕೊಂಡು, ಮುಂದಿನ ಭಾಗ ನಾಳೆ ತೆರೆಯುತ್ತದೆ ಎಂಬ ಸೂಚನೆ ಬಂತು. ತಾಂತ್ರಿಕ ದೋಷವಿರಬೇಕೆಂದು ಬೇಸರಪಟ್ಟುಕೊಂಡೆ. ಮರುದಿನ ಮೆಟ್ರೊನೋಮ್ ಒತ್ತಿದಾಗ ಅದೇ ನಾಯಿ ಆರು ಹನಿ ಜೊಲ್ಲು ಸುರಿಸಿತು! ವಿಲೋಪನವೆಂದರೆ (ಹೀಗೆ ಆಹಾರವಿಲ್ಲದೆ ಸದ್ದನ್ನಷ್ಟೇ ಕೇಳಿಸಿ ಪ್ರತಿಕ್ರಿಯೆ ನಿಲ್ಲುವಂತೆ ಮಾಡುವುದು) ಕಲಿತದ್ದು ಅಳಿಸಿಹೋಗುವುದಲ್ಲ, ಹಳೆಯ ಕಲಿಕೆ ಒಳಗೆ ಉಳಿದಿರುವಾಗಲೇ ಅದರ ಮೇಲೊಂದು ಹೊಸ ಕಲಿಕೆ ಕೂರುವುದು ಎಂಬ ಮಾತನ್ನು ಎಷ್ಟು ಪುಟ ಓದಿದ್ದರೂ ಆ ಆರು ಹನಿಗಳಷ್ಟು ಸ್ಪಷ್ಟವಾಗಿ ನನಗೆ ತಿಳಿಯುತ್ತಿರಲಿಲ್ಲ.

ಭಯದ ಪಾಠವೂ ಇದಕ್ಕೇ ಹೊಂದಿಕೊಂಡಿದೆ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಹಸುಳೆಯಲ್ಲಿ ಬಿಳಿ ಇಲಿಯ ಭಯವನ್ನು ಮೂಡಿಸಿದ್ದನ್ನು ಹೇಳುವಾಗ, ಅದು ಒಂದೇ ಮಗುವಿನ ಮೇಲೆ ನಡೆದ ಪ್ರಯೋಗವೆಂಬುದನ್ನೂ, ಆ ಭಯವನ್ನು ಹೋಗಲಾಡಿಸದೆಯೇ ಬಿಟ್ಟರೆಂಬುದನ್ನೂ ಮುಚ್ಚಿಟ್ಟಿಲ್ಲ. ಅದರ ಬೆನ್ನಿಗೇ ಮೇರಿ ಕವರ್ ಜೋನ್ಸ್ 1924ರಲ್ಲಿ ವರದಿ ಮಾಡಿದ ಪೀಟರ್ ಎಂಬ ಬಾಲಕನ ಕಥೆ ಬರುತ್ತದೆ: ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದ ಬಗೆಯನ್ನು ಓದಿ ನನ್ನ ಮನಸ್ಸು ಹಗುರವಾಯಿತು.

ನಾಲ್ಕನೆಯ ವಾರದ ವಿಷಯ ವರ್ತನೆಯ ಫಲದಿಂದ ಕಲಿಯುವುದು. ಪೆಟ್ಟಿಗೆಯಿಂದ ಹೊರಬರಲು ಕಲಿತ ಥಾರ್ನ್‌ಡೈಕ್ ಅವರ ಬೆಕ್ಕುಗಳಿಂದ ಲಿವರ್ ಒತ್ತಿದರೆ ಪ್ರಾಣಿಗೆ ಆಹಾರ ಸಿಗುವ ಸ್ಕಿನ್ನರ್ ಅವರ ಪೆಟ್ಟಿಗೆಯವರೆಗೆ ವಿಡಿಯೊಗಳು ಸೊಗಸಾಗಿವೆ; ಎಡವಿರುವುದು ಪ್ರಶ್ನೋತ್ತರದಲ್ಲಿ. ಜಗಳವಾಡಿದ ಮಗುವಿನ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವುದನ್ನು ಋಣಾತ್ಮಕ ಪುನರ್ಬಲನ ಎಂದು ಗುರುತಿಸಿದರೆ ಮಾತ್ರ ಅಂಕ ಸಿಗುತ್ತದೆ. ಇದು ತಪ್ಪು. ಪುನರ್ಬಲನ ಯಾವುದೇ ಇರಲಿ, ವರ್ತನೆಯನ್ನು ಹೆಚ್ಚಿಸಬೇಕು. ಸೀಟ್ ಬೆಲ್ಟ್ ಹಾಕಿಕೊಂಡೊಡನೆ ಕಾರಿನ ಕಿರಿಕಿರಿಯ ಸದ್ದು ನಿಲ್ಲುವುದರಿಂದ ಬೆಲ್ಟ್ ಹಾಕುವ ಅಭ್ಯಾಸ ಗಟ್ಟಿಯಾಗುತ್ತದಲ್ಲ, ಅದು ಋಣಾತ್ಮಕ ಪುನರ್ಬಲನ. ಜಗಳವನ್ನು ಕಡಿಮೆ ಮಾಡಲೆಂದು ಪ್ರಿಯವಾದುದನ್ನು ಕಿತ್ತುಕೊಳ್ಳುವುದು ಶಿಕ್ಷೆ. ಅದೇ ವಾರದ ವಿಡಿಯೊದಲ್ಲಿ ಸರಿಯಾಗಿಯೇ ಹೇಳಿರುವಾಗ ಪರೀಕ್ಷೆಯಲ್ಲಿ ಹೀಗಾಗಿರುವುದು ಇನ್ನೂ ನೋವಿನ ಸಂಗತಿ, ಏಕೆಂದರೆ ಹೊಸಬರು ವಿಡಿಯೊಕ್ಕಿಂತ ಅಂಕವನ್ನೇ ಹೆಚ್ಚು ನಂಬುತ್ತಾರೆ. ಬರೆದು ತಿಳಿಸಿದೆ, ಒಂಬತ್ತು ದಿನಗಳ ನಂತರ ಧನ್ಯವಾದದ ಒಂದು ಸಾಲು ಬಂತು. ನಾನು ಪಾಠಮಾಲೆ ಮುಗಿಸುವವರೆಗೂ ಪ್ರಶ್ನೆ ಹಾಗೆಯೇ ಇತ್ತು.

ಐದನೆಯ ವಾರದಲ್ಲಿ ಗಾರ್ಸಿಯಾ ಮತ್ತು ಕೋಲಿಂಗ್ ಅವರ 1966ರ ಪ್ರಯೋಗವಿದೆ. ಹೊಟ್ಟೆ ಕೆಟ್ಟ ಇಲಿಗಳು ನೀರಿನ ರುಚಿಯನ್ನು ದೂರವಿಟ್ಟವು, ವಿದ್ಯುತ್ ಆಘಾತ ತಿಂದ ಇಲಿಗಳು ನೀರಿನೊಂದಿಗೆ ಬಂದ ಬೆಳಕು ಮತ್ತು ಸದ್ದನ್ನು ದೂರವಿಟ್ಟವು. ಯಾವುದನ್ನು ಯಾವುದರೊಂದಿಗೆ ಬೇಕಾದರೂ ಬೆಸೆಯಬಹುದೆಂಬ ನಂಬಿಕೆ ಅಲ್ಲಿಗೆ ಅಲುಗಿತು. ಇಷ್ಟು ಚೆನ್ನಾಗಿ ಬೆಳೆದ ಚರ್ಚೆಯಲ್ಲಿ ಮನೋವಿಜ್ಞಾನಿ ರೆಸ್ಕೋರ್ಲಾ ಅವರ ಹೆಸರೇ ಇಲ್ಲದಿರುವುದು ದೊಡ್ಡ ಕೊರತೆ. ಸದ್ದು ಮತ್ತು ಆಘಾತ ಎಷ್ಟೇ ಸಲ ಜೊತೆಯಾದರೂ, ಸದ್ದಿಲ್ಲದಿರುವಾಗಲೂ ಆಘಾತದ ಸಂಭವ ಅಷ್ಟೇ ಇದ್ದರೆ ಇಲಿ ಸದ್ದಿಗೆ ಹೆದರಲು ಕಲಿಯುವುದಿಲ್ಲ ಎಂದು ಅವರು 1968ರಲ್ಲಿ ತೋರಿಸಿದ್ದನ್ನು ಬಿಟ್ಟರೆ, ಅನುಬಂಧನವೆಂದರೆ ಬರಿಯ ಜೋಡಣೆ ಎಂಬ ತಪ್ಪು ತಿಳಿವಳಿಕೆಯೇ ಓದುಗನಲ್ಲಿ ಉಳಿಯುತ್ತದೆ. ಮಕ್ಕಳು ಇತರರನ್ನು ನೋಡಿಯೇ ಕಲಿಯುತ್ತಾರೆಂದು ತೋರಿಸಿದ ಬಂಡೂರಾ ಅವರ ಬೊಂಬೆಯ ಪ್ರಯೋಗಕ್ಕೆ ಕೊನೆಯ ವಾರದಲ್ಲಿ ಸಾಕಷ್ಟು ಜಾಗ ಸಿಕ್ಕಿದೆ. ಇಲಿಗಳು ದಾರಿಯ ನಕ್ಷೆಯನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳುತ್ತವೆ ಎಂದ ಟೋಲ್ಮನ್‌ಗೆ ಒಂದೇ ಸ್ಲೈಡ್.

ಶಿಕ್ಷಕ ತರಬೇತಿಯಲ್ಲಿರುವವರು ರೆಸ್ಕೋರ್ಲಾ ಅವರನ್ನು ಬೇರೆಡೆ ಓದಿಕೊಂಡು ಇದಕ್ಕೆ ಸೇರಿದರೆ ಒಳ್ಳೆಯದು. ಮೂರನೆಯ ವಾರದ ಅಭ್ಯಾಸವನ್ನು ಮರುದಿನವೂ ಬಿಡುವಿರುವಾಗ ಆರಂಭಿಸಿ, ಮೊದಲ ದಿನದ ಹನಿಗಳ ಲೆಕ್ಕವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ಆ ಅಂಕಿಗಳು ಪರದೆಯ ಮೇಲೆ ಇರುವುದಿಲ್ಲ.