ಸಂಘದ ಮೀಟಿಂಗ್‌ಗೆ ವಾಟ್ಸಾಪ್, ಮೀಟ್, ಝೂಮ್: ಯಾವುದು ವಾಸಿ?

ಆನ್‌ಲೈನ್ ಮೀಟಿಂಗ್ ಅಂದ ತಕ್ಷಣ ಹೊಸ ಆ್ಯಪ್ ಹುಡುಕಬೇಡಿ. ಸದಸ್ಯರ ಫೋನಿನಲ್ಲಿ ಈಗಾಗಲೇ ಏನಿದೆ ಅಂತ ನೋಡಿ. ಪಾಸ್‌ವರ್ಡ್ ಕೇಳಿದ ಕೂಡಲೇ ಅರ್ಧ ಹಿರಿಯರು ಕೈಬಿಡುತ್ತಾರೆ. ಅವರಿಲ್ಲದ ಮೀಟಿಂಗ್ ಯಾಕೆ ಬೇಕು, ಅಲ್ವಾ?

ಹದಿನೈದು ಇಪ್ಪತ್ತು ಜನರಿದ್ದರೆ ನನ್ನ ಆಯ್ಕೆ ವಾಟ್ಸಾಪ್. 32 ಜನ ಸೇರಬಹುದು, ಸಮಯದ ಮಿತಿ ಇಲ್ಲ. ಗ್ರೂಪಿಗೆ ಕರೆ ಬಂತು, ಒತ್ತಿದರೆ ಆಯ್ತು. ಆದರೆ ಖಜಾಂಚಿ ಲೆಕ್ಕದ ಹಾಳೆ ತೋರಿಸಲು ಹೊರಟರೆ ಫೋನಿನ ಪರದೆಯಲ್ಲಿ ಅಂಕಿಗಳು ಇರುವೆ ಸಾಲಿನಂತೆ ಕಾಣುತ್ತವೆ.

ಅಂಥ ಸಭೆಗೆ ಗೂಗಲ್ ಮೀಟ್ ಒಳ್ಳೆಯದು. ಕಂಪ್ಯೂಟರ್ ಇದ್ದವರಿಗೆ ಬ್ರೌಸರಿನಲ್ಲೇ ತೆರೆಯುತ್ತದೆ, ಏನೂ ಹಾಕಿಕೊಳ್ಳಬೇಕಿಲ್ಲ. ಉಚಿತ ಖಾತೆಯಲ್ಲಿ 100 ಜನ, 60 ನಿಮಿಷ. 55ನೇ ನಿಮಿಷಕ್ಕೆ ಎಚ್ಚರಿಕೆಯೂ ಬರುತ್ತದೆ.

ಝೂಮ್‌ನಲ್ಲೂ 100 ಜನ, ಆದರೆ ಉಚಿತವಾಗಿ 40 ನಿಮಿಷ ಮಾತ್ರ. ಕುಶಲ ವಿಚಾರಿಸುವುದರಲ್ಲೇ ಹತ್ತು ನಿಮಿಷ ಹೋಗುವ ನಮ್ಮ ಸಭೆಗಳಿಗೆ ಅದು ಸಾಲದು. ಚಿಕ್ಕ ಚಿಕ್ಕ ಗುಂಪು ಮಾಡಿ ಚರ್ಚೆ ನಡೆಸಬೇಕಾದರೆ ಮಾತ್ರ ಝೂಮ್ ಮುಂದೆ. ಆ ಸೌಲಭ್ಯ ಉಚಿತ ಖಾತೆಯಲ್ಲೂ ಇದೆ.

ಜಿಟ್ಸಿ ಎಂಬ ಇನ್ನೊಂದು ಮೀಟಿಂಗ್ ಆ್ಯಪ್ ಕೂಡ ಉಚಿತ. ಸೇರುವವರಿಗೆ ಖಾತೆಯೇ ಬೇಡ, ಆದರೆ ಸಭೆ ಶುರು ಮಾಡುವವರು ಲಾಗಿನ್ ಆಗಬೇಕು. ಇದರ ಹೆಸರು ಕೇಳಿದವರು ಕಡಿಮೆ, ಅದೇ ತೊಡಕು.

ಯಾವುದನ್ನೇ ಆರಿಸಿ, ಲಿಂಕನ್ನು ಹಿಂದಿನ ದಿನವೇ ವಾಟ್ಸಾಪ್ ಗ್ರೂಪಿಗೆ ಹಾಕಿ. ಅರ್ಧ ಗಂಟೆ ಮುಂಚೆ ಇನ್ನೊಮ್ಮೆ ಹಾಕಿ.