ಮುಂದಿನ ಗ್ಲಾಸ್ ಬದಲಿಸಿದ್ದೀರಾ? ಕ್ಯಾಮೆರಾ ಎತ್ತ ನೋಡುತ್ತಿದೆ ಅಂತ ಮೊದಲು ಕೇಳಿ

ಹುಣ್ಣಿಮೆ ಅಂತ ಅವ್ವನನ್ನು ಹುಲಿಗೆಮ್ಮನ ದರ್ಶನಕ್ಕೆ ಕರಕೊಂಡು ಹೋಗಿ ವಾಪಸ್ ಬರುತ್ತಿದ್ದೆ. ಕುಡತಿನಿ ದಾಟಿತ್ತು, ಬಳ್ಳಾರಿ ಇನ್ನೇನು ಬಂತು ಅನ್ನುವಷ್ಟು ದೂರ. ಸಂಜೆ ಐದರ ಹೊತ್ತು, ಬಿಸಿಲು ಬೆನ್ನಿಗಿತ್ತು. ಸ್ಪೀಡು ಎಪ್ಪತ್ತರ ಆಸುಪಾಸು, ಮುಂದೆ ರಸ್ತೆ ಖಾಲಿ. ಎಡಕ್ಕೆ, ಡಾಂಬರು ಬಿಟ್ಟು ಮಣ್ಣಿನ ಅಂಚಿನಲ್ಲಿ, ಜೋಳದ ಸೊಪ್ಪೆ ಹೇರಿದ ಟ್ರ್ಯಾಕ್ಟರ್ ಒಂದು ಮೆಲ್ಲಗೆ ಹೊರಟಿತ್ತು. ಅದನ್ನು ದೂರದಿಂದಲೇ ನೋಡಿದ್ದೆ. ನನಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಇದ್ದಕ್ಕಿದ್ದಂತೆ ಮೀಟರಿನಲ್ಲಿ ಕೆಂಪು ದೀಪ, ಕೀಂ ಕೀಂ ಸದ್ದು, ಆ ಸದ್ದು ಏನು ಅಂತ ತಿಳಿಯುವುದರೊಳಗೆ ಬ್ರೇಕ್. ನಾನು ಹಾಕಿದ ಬ್ರೇಕ್ ಅಲ್ಲ; ನನ್ನ ಕಾಲು ಆಕ್ಸಿಲರೇಟರ್ ಮೇಲೇ ಇತ್ತು. ಮುಂದೆ ಏನಾದರೂ ಅಡ್ಡ ಬಂತು ಅನ್ನಿಸಿದರೆ ತಾನೇ ಬ್ರೇಕ್ ಹಾಕುವ ಗಾಡಿ ನನ್ನದು; ಅದಕ್ಕೆ ಅಂತಲೇ ಮುಂದಿನ ಗ್ಲಾಸಿನ ಒಳಗೆ ಕ್ಯಾಮೆರಾ, ಬಂಪರ್ ಹಿಂದೆ ರಾಡಾರ್ ಇವೆ. ಗಾಡಿಯ ಮೂಗು ನೆಲಕ್ಕೆ ಬಗ್ಗಿತು, ಬೆಲ್ಟು ಎದೆಗೆ ಕಚ್ಚಿತು. ಕನ್ನಡಿಯಲ್ಲಿ ಖಾಲಿ ಕ್ರೇಟ್ ತುಂಬಿದ ಪಿಕಪ್ಪಿನ ಮುಖ ದೊಡ್ಡದಾಗುತ್ತಾ ಬಂದದ್ದಷ್ಟೇ ಕಂಡಿದ್ದು. ಆಮೇಲೆ ಧಡ್ ಅಂತ.

ಅವ್ವ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿರಲಿಲ್ಲ. ಅದು ನನ್ನ ತಪ್ಪು, ಹಾಕಿಸಬೇಕಿತ್ತು. ಮೊದಲು ಮುಂದಿನ ಸೀಟಿಗೆ ಮುಖ ಬಡಿಯಿತು, ಪಿಕಪ್ ಗುದ್ದಿದಾಗ ಮತ್ತೆ ಹಿಂದಕ್ಕೆ ಎಸೆದಂಗಾಯಿತು. ಕನ್ನಡಕ ಎರಡು ತುಂಡು, ಮೇಲ್ತುಟಿ ಒಡೆದು ರಕ್ತ. ಮಡಿಲಲ್ಲಿದ್ದ ಪ್ರಸಾದದ ತೆಂಗಿನಕಾಯಿ ಉರುಳಿ ನನ್ನ ಸೀಟಿನ ಕೆಳಗೆ ಬಂದು ಕೂತಿತ್ತು. ಅದು ಪೆಡಲ್ ತನಕ ಬರಲಿಲ್ಲ ಅನ್ನುವುದೇ ಪುಣ್ಯ. ಮೂರು ಹೊಲಿಗೆಯಲ್ಲಿ ಮುಗಿಯಿತು. ಹಿಂದೆ ಬಂದದ್ದು ಅದಿರಿನ ಲಾರಿ ಆಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಪಿಕಪ್ ಹುಡುಗ ಇಳಿದು ಬಂದವನೇ ರಸ್ತೆ ಕಡೆ ಕೈ ಮಾಡಿ, "ಏನೈತ್ರಿ ಅಣ್ಣ ಮುಂದೆ? ಯಾಕ್ ಬ್ರೇಕ್ ಹೊಡದ್ರಿ?" ಅಂದ. ಏನು ಹೇಳಲಿ? "ನಾನು ಹೊಡೆದಿಲ್ಲಪ್ಪ, ಗಾಡಿ ಹೊಡೀತು" ಅಂದರೆ ಸೇರಿದ ಜನ ನಕ್ಕರು. ನಿಯಮದ ಪ್ರಕಾರ ಹಿಂದಿನವರೇ ಅಂತರ ಇಟ್ಟುಕೊಳ್ಳಬೇಕು, ಸರಿ. ಆದರೆ ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕಬಾರದು ಅಂತಲೂ ಅದೇ ನಿಯಮದಲ್ಲಿದೆ. ನಮ್ಮ ರಸ್ತೆಯ ಲೆಕ್ಕವಂತೂ ಬೇರೆಯೇ. ಎಪ್ಪತ್ತರಲ್ಲಿ ಗಾಡಿ ಸೆಕೆಂಡಿಗೆ ಹತ್ತೊಂಬತ್ತು ಮೀಟರ್ ಓಡುತ್ತದೆ. ಪಿಕಪ್ ನನ್ನ ಹಿಂದೆ ಹತ್ತು ಹನ್ನೆರಡು ಮೀಟರಿನಲ್ಲಿತ್ತು ಅಂದರೆ ಅವನಿಗೆ ಸಿಕ್ಕಿದ್ದು ಅರ್ಧ ಸೆಕೆಂಡು ಚಿಲ್ಲರೆ. ಎಷ್ಟೇ ಚುರುಕಿನ ಮನುಷ್ಯನಾದರೂ ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಮುಕ್ಕಾಲರಿಂದ ಒಂದು ಸೆಕೆಂಡು ಬೇಕು. ಅವನನ್ನು ಬೈಯಲು ನನಗೆ ಮನಸ್ಸಾಗಲಿಲ್ಲ.

ಈಗ ಅಸಲಿ ವಿಷಯ. ಇದರ ಬೀಜ ಬಿದ್ದದ್ದು ಮೂರು ವಾರ ಹಿಂದೆ, ತೋರಣಗಲ್ಲು ಹತ್ತಿರ. ಮುಂದಿನ ಲಾರಿಯ ಟೈರಿನಿಂದ ಸಿಡಿದ ಕಲ್ಲು ನನ್ನ ಗ್ಲಾಸಿಗೆ ಬಡಿದು ಶೇಂಗಾ ಬೀಜದಷ್ಟು ಚಿಪ್ಪೆದ್ದಿತು. ಮರುದಿನ ಎಸಿ ಹಾಕಿದ ಕೂಡಲೇ ಬಿರುಕು ಅಡ್ಡಡ್ಡ ಓಡಿತು. ಈ ಕಡೆ ಗಾಡಿ ಓಡಿಸುವವರಿಗೆ ಇದೇನು ಹೊಸದಲ್ಲ. ಇನ್ಶೂರೆನ್ಸಿನಲ್ಲಿ ಗ್ಲಾಸಿಗೆ ಸವಕಳಿ ಕಳೆಯುವುದಿಲ್ಲ, ಹಾಗಾಗಿ ಹೊಸದನ್ನೇ ಹಾಕಿಸಿದೆ. ಅಂಗಡಿಯವನು ಮಧ್ಯಾಹ್ನದೊಳಗೆ ಕೆಲಸ ಮುಗಿಸಿದ. ಕನ್ನಡಿ ಹಿಂದಿರುವ ಕಪ್ಪು ಡಬ್ಬಿ ತೋರಿಸಿ "ಈ ಕ್ಯಾಮೆರಾ?" ಅಂತ ಕೇಳಿದೆ, ನಿಜವಾಗಿಯೂ ಕೇಳಿದೆ. "ಬಿಚ್ಚಿ ಹೆಂಗಿತ್ತೋ ಹಂಗೇ ಕುಂದ್ರಿಸೀವಿ ಸರ್. ಮೀಟರ್‌ನಾಗ ಲೈಟ್ ಏನಾರ ಬಂದೈತಾ? ಇಲ್ಲಲ್ಲ, ಆರಾಮ್ ಹೋಗ್ರಿ" ಅಂದ. ಆರಾಮಾಗಿ ಬಂದೆ.

ಆ ಕ್ಯಾಮೆರಾ ಇರುವುದು ಗ್ಲಾಸಿನ ಒಳಮೈಗೆ ಅಂಟಿಸಿದ ಬ್ರಾಕೆಟ್ಟಿನಲ್ಲಿ. ಹೊಸ ಗ್ಲಾಸಿನ ಬ್ರಾಕೆಟ್ ಕೂದಲೆಳೆ ಓರೆಯಿದ್ದರೂ, ಗ್ಲಾಸು ಅಂಟಿನ ಮೇಲೆ ಒಂದು ಕಡೆ ಚೂರು ದಪ್ಪ ಕೂತರೂ ಕ್ಯಾಮೆರಾದ ನೋಟ ಸರಿದುಬಿಡುತ್ತದೆ. ಬರೀ ಒಂದು ಡಿಗ್ರಿ ತಪ್ಪಿದರೆ ನೂರು ಮೀಟರ್ ದೂರದಲ್ಲಿ ಒಂದೂ ಮುಕ್ಕಾಲು ಮೀಟರ್ ವ್ಯತ್ಯಾಸ. ಹೆದ್ದಾರಿಯ ಒಂದು ಲೇನು ಮೂರೂವರೆ ಮೀಟರ್, ಅಂದರೆ ಸರಿಯಾಗಿ ಅರ್ಧ ಲೇನು. ಮಣ್ಣಿನ ಅಂಚಿನಲ್ಲಿದ್ದ ಟ್ರ್ಯಾಕ್ಟರ್ ನನ್ನ ದಾರಿಗೆ ಅಡ್ಡ ಬಂದದ್ದು ಹೀಗೆ. ಬಂಪರ್ ಹಿಂದಿನ ರಾಡಾರ್ "ಅಲ್ಲೇನೋ ನಿಧಾನ ಹೊರಟಿದೆ" ಅಂತು, ಕ್ಯಾಮೆರಾ "ಹೌದು, ನಮ್ಮ ಲೇನಿನಲ್ಲೇ" ಅಂತು, ಗಾಡಿ ನಂಬಿತು.

ನನಗೆ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಆ ಮೂರು ವಾರ ಗಾಡಿ ಹೇಳುತ್ತಲೇ ಇತ್ತು. ಲೇನಿನ ನಡುವೆ ಹೋಗುತ್ತಿದ್ದರೂ ಗೆರೆ ದಾಟಿದೆ ಅಂತ ಸ್ಟಿಯರಿಂಗ್ ಗಡಗಡ ಅನ್ನುತ್ತಿತ್ತು. ಸ್ಟಿಯರಿಂಗ್ ಸುಮ್ಮಸುಮ್ಮನೆ ಒಂದೇ ಪಕ್ಕಕ್ಕೆ ಎಳೆಯುತ್ತಿತ್ತು. ರಾಯಲ್ ಸರ್ಕಲ್ ಹತ್ತಿರ ಪಕ್ಕಕ್ಕೆ ನಿಂತ ಆಟೋ ನೋಡಿ ಎರಡು ಸಲ ಕಿರುಚಿತ್ತು. ನಾನೇನು ಮಾಡಿದೆ? ಎಲ್ಲರೂ ಹೇಳುವ ಮಾತನ್ನೇ ಹೇಳಿದೆ: "ಇವೆಲ್ಲ ಫಾರಿನ್ ರೋಡಿಗೆ ಸರಿ, ನಮ್ಮ ರೋಡಿಗೆ ಆಗಿಬರಲ್ಲ." ಆ ಮಾತು ಎಷ್ಟು ಸಲೀಸು ಅಂದರೆ, ಒಮ್ಮೆ ಬಾಯಿಗೆ ಬಂದರೆ ಮುಂದೆ ಯೋಚನೆಯೇ ಬೇಕಾಗಲ್ಲ. ಗ್ಲಾಸ್ ಬದಲಿಸುವ ಮೊದಲು ಇದೇ ಗಾಡಿ, ಇದೇ ರೋಡು, ಈ ಕಾಟ ಇರಲಿಲ್ಲವಲ್ಲ ಅಂತ ತಲೆಗೆ ಹೊಳೆಯಲೇ ಇಲ್ಲ. ಅಷ್ಟೇ ಅಲ್ಲ, ಮೊದಲು ಸಿಂಧನೂರು ರಸ್ತೆಯಲ್ಲಿ ಕತ್ತಲಾದ ಮೇಲೆ ಹಿಂದೀಪವೇ ಇಲ್ಲದ ಬೈಕೊಂದನ್ನು ನನಗಿಂತ ಮುಂಚೆ ಇದೇ ಗಾಡಿ ನೋಡಿ ಎಚ್ಚರಿಸಿತ್ತು. ಅವತ್ತು ಹೊಗಳಿದ್ದೆ.

ಗುದ್ದಿಸಿಕೊಂಡ ಮೇಲೆ ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದಾಗ ಕ್ಯಾಮೆರಾ ಕ್ಯಾಲಿಬ್ರೇಶನ್, ಅಂದರೆ ಅದರ ನೋಟ ನೇರವಿದೆಯಾ ಅಂತ ಅಳೆದು ಸರಿ ಮಾಡುವ ಕೆಲಸ, ಆಗಿಯೇ ಇಲ್ಲ ಅಂತ ತಿಳಿಯಿತು. ಬಳ್ಳಾರಿಯ ಆ ವರ್ಕ್‌ಶಾಪಿನಲ್ಲಿ ಅದನ್ನು ಮಾಡುವ ಬೋರ್ಡು ಇರಲಿಲ್ಲ, ಹುಬ್ಬಳ್ಳಿಗೆ ಒಯ್ದೆ. ಅಲ್ಲಿ ಪಕ್ಕದಲ್ಲೇ ನಿಂತು ನೋಡಿದೆ. ಸಪಾಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಡಿಕ್ಕಿಯ ಸಾಮಾನು ಇಳಿಸಿದರು. ಗಾಡಿಯ ನಟ್ಟನಡುವಿಗೆ ದಾರ ಹಿಡಿದು ಅಳತೆ ತೆಗೆದು, ಎದುರಿಗೆ ಕಪ್ಪು-ಬಿಳಿ ಚೌಕಗಳ ಬೋರ್ಡು ನಿಲ್ಲಿಸಿ ಅದನ್ನು ಕ್ಯಾಮೆರಾಕ್ಕೆ ತೋರಿಸಿದರು. ಗಾರೆ ಕೆಲಸದವರು ಗೋಡೆಗೆ ತೂಕದ ಗುಂಡು ಬಿಟ್ಟು ನೋಡುವಷ್ಟೇ ನಿಗಾ. ಕೆಲವು ಗಾಡಿಗಳಿಗೆ ಬೋರ್ಡು ಬೇಕಿಲ್ಲ, ಕಂಪ್ಯೂಟರ್ ಹಚ್ಚಿಕೊಂಡು ಗೆರೆ ಸರಿಯಾಗಿ ಕಾಣುವ ರಸ್ತೆಯಲ್ಲಿ ಹದವಾದ ಸ್ಪೀಡಿನಲ್ಲಿ ಓಡಿಸಿದರೆ ತಾನೇ ಕಲಿಯುತ್ತದೆ. ಗೆರೆ ಸರಿಯಾಗಿ ಕಾಣುವ ರಸ್ತೆ ನಮ್ಮ ಕಡೆ ಹುಡುಕಬೇಕು, ಅದು ಬೇರೆ ಮಾತು.

ಮೀಟರಿನಲ್ಲಿ ಲೈಟ್ ಬಂದಿಲ್ಲ ಅಂದರೆ ಎಲ್ಲ ಸರಿಯಿದೆ ಅಂತ ಅಲ್ಲ, ಇದನ್ನು ಮಾತ್ರ ಮರೆಯಬೇಡಿ. ವೈರ್ ಕಿತ್ತಿದ್ದರೆ ಲೈಟ್ ಬರುತ್ತದೆ. ಕಣ್ಣು ಓರೆಯಾಗಿದ್ದರೆ ಕ್ಯಾಮೆರಾಕ್ಕೇ ಅದು ಗೊತ್ತಿರದೆ ಇರಬಹುದು, ಅದರ ಪಾಲಿಗೆ ಲೋಕವೇ ಓರೆ. ಗ್ಲಾಸ್ ಅಂಗಡಿಗೆ ಗಾಡಿ ಬಿಡುವ ಮುಂಚೆಯೇ ಕ್ಯಾಲಿಬ್ರೇಶನ್ ಎಲ್ಲಿ ಮಾಡುತ್ತೀರಿ, ಯಾರು ಮಾಡುತ್ತಾರೆ ಅಂತ ಕೇಳಿ, ಮುಗಿದ ಮೇಲೆ ಪ್ರಿಂಟ್ ಇಸಿದುಕೊಳ್ಳಿ. ಇನ್ಶೂರೆನ್ಸ್ ಎಸ್ಟಿಮೇಟಿನಲ್ಲಿ ಅದರ ಖರ್ಚನ್ನೂ ಮೊದಲೇ ಬರೆಸಿ. ನಾನು ಬರೆಸಿರಲಿಲ್ಲ, ಕೈಯಿಂದ ಕಟ್ಟಿದೆ. ಕ್ಯಾಲಿಬ್ರೇಶನ್ ಆಗುವವರೆಗೆ ಮೆನುವಿನಲ್ಲಿ ಲೇನ್ ಅಸಿಸ್ಟ್ (ಗಾಡಿಯನ್ನು ಗೆರೆಯೊಳಗೆ ಇರಿಸಲು ಸ್ಟಿಯರಿಂಗ್ ಎಳೆಯುವುದು), ತುರ್ತು ಬ್ರೇಕ್ (ತಾನೇ ಬೀಳುವ ಬ್ರೇಕ್) ಎರಡನ್ನೂ ಆಫ್ ಮಾಡಿಡಿ. ಎಷ್ಟೋ ಗಾಡಿಗಳಲ್ಲಿ ಇಂಜಿನ್ ಆರಿಸಿ ಮತ್ತೆ ಶುರು ಮಾಡಿದರೆ ಆ ತುರ್ತು ಬ್ರೇಕ್ ತಾನಾಗಿ ಆನ್ ಆಗಿರುತ್ತದೆ, ಪ್ರತಿ ಸಲ ನೋಡಬೇಕು. ಸುಳ್ಳು ಬ್ರೇಕ್ ಬಿದ್ದಾಗ ಆಕ್ಸಿಲರೇಟರ್ ಜೋರಾಗಿ ತುಳಿದರೆ ಬಹುತೇಕ ಗಾಡಿಗಳು ಬ್ರೇಕ್ ಬಿಟ್ಟುಕೊಡುತ್ತವೆ. ನಿಮ್ಮದು ಹೇಗೆ ಅಂತ ಮ್ಯಾನುಯಲ್ ತೆಗೆದು ಓದಿಟ್ಟುಕೊಳ್ಳಿ. ಆ ಗಳಿಗೆಯಲ್ಲಿ ನನಗಂತೂ ಅದು ನೆನಪಾಗಲಿಲ್ಲ.

ಹುಬ್ಬಳ್ಳಿಯ ಮೆಕ್ಯಾನಿಕ್ ನನ್ನ ಗಾಡಿ ಮುಂದೆ ಕುಕ್ಕರಗಾಲಲ್ಲಿ ಕೂತು ಇನ್ನೊಂದು ಕೆಲಸ ಮಾಡಿದ. ಗ್ರಿಲ್ಲಿಗೆ ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿ ಬಿಚ್ಚಿ ಕೈಗೆ ಕೊಟ್ಟು, "ಇದನ್ನ ಕೆಳಗೆ ಒಂದ್ ಪಕ್ಕಕ್ಕ ಕಟ್ರಿ ಸರ್, ರಾಡಾರ್ ಮುಂದ ಬ್ಯಾಡ" ಅಂದ. ಅಮಾವಾಸ್ಯೆಗೊಮ್ಮೆ ಅಲ್ಲೇ ಕಟ್ಟುತ್ತಿದ್ದೆ. ಸಂಡೂರು ಕಡೆ ಹೋಗಿಬಂದರೆ ಬಂಪರಿಗೆ ಮೆತ್ತುವ ಕೆಂಧೂಳು, ಮಳೆಯಾದರೆ ಅದೇ ಕೆಸರು, ಆಯುಧಪೂಜೆಯಲ್ಲಿ ಗ್ಲಾಸಿನ ಮೇಲೆ ಎಳೆಯುವ ವಿಭೂತಿ ಪಟ್ಟೆ, ಆಮೇಲೆ ಕೂಡಿಸಿದ ಕ್ರ್ಯಾಶ್ ಗಾರ್ಡು, ಇವೂ ಅದರ ಕಣ್ಣಿಗೆ ಅಡ್ಡವೇ. ದೇವರಿಗೆ ಕ್ಯಾಮೆರಾ ಬಿಟ್ಟು ಬೇರೆ ಜಾಗ ಬೇಕಾದಷ್ಟಿದೆ.

ಇಷ್ಟಾದ ಮೇಲೂ ಆ ಬ್ರೇಕ್ ಬೇಡ ಅಂತ ನಾನು ಹೇಳುವುದಿಲ್ಲ. ಈಗ ಹುಬ್ಬಳ್ಳಿಯಿಂದ ಬಂದ ಮೇಲೆ ಆನ್ ಮಾಡಿಯೇ ಓಡಿಸುತ್ತಿದ್ದೇನೆ, ಅದೇ ಕುಡತಿನಿ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಪಕ್ಕದಲ್ಲೇ ಹೋದರೂ ಸುಮ್ಮನಿರುತ್ತದೆ. ಅವ್ವ ಮಾತ್ರ ಕೂತ ಕೂಡಲೇ ಬೆಲ್ಟ್ ಎಳೆದುಕೊಂಡು, "ಇವತ್ತು ಯಾರು ಓಡಸ್ತಾರೆ, ನೀನಾ ಅದಾ?" ಅಂತ ಕೇಳುತ್ತಾಳೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಇಂಥ ಗಾಡಿಗಳು ಈಗ ಹಳೇ ಗಾಡಿ ಮಾರುಕಟ್ಟೆಗೂ ಬರುತ್ತಿವೆ, ಮಾರುವವರು ಗ್ಲಾಸಿನ ಕಥೆ ಹೇಳುವುದಿಲ್ಲ. ಮುಂದಿನ ಗ್ಲಾಸಿನ ಮೂಲೆಯಲ್ಲಿ ಒಂದು ಮುದ್ರೆ ಇರುತ್ತದೆ, ಬಾಗಿಲ ಗ್ಲಾಸುಗಳಲ್ಲೂ ಇರುತ್ತದೆ. ಎರಡನ್ನೂ ಹೋಲಿಸಿ ನೋಡಿ. ಕಂಪನಿಯ ಹೆಸರೋ ತಯಾರಾದ ಗುರುತೋ ಬೇರೆಬೇರೆ ಇದ್ದರೆ, ರೇಟು ಮಾತಾಡುವ ಮೊದಲು ಕ್ಯಾಲಿಬ್ರೇಶನ್ ಪ್ರಿಂಟ್ ಎಲ್ಲಿ ಅಂತ ಕೇಳಿ.